ಕಡೇಗದ್ದೆಗೆ ಮೊದಲು

ನಮ್ಮ ಮನೆಯ ಬಾಗಿಲ ಮೂಲೆಯಲ್ಲಿ ಒಂದು ಕಬ್ಬಿಣದ ಕೀ ನಿಂತಿರುತ್ತದೆ. ನನ್ನ ಎದೆಯುದ್ದ ಇದೆ. ಮೇಲೆ ಎರಡೂ ಕೈಯಲ್ಲಿ ಹಿಡಿದು ತಿರುಗಿಸಲು ಅಡ್ಡಪಟ್ಟಿ, ಕೆಳಗೆ ವಾಲ್ವಿನ ತಲೆ ಕಚ್ಚಿಕೊಳ್ಳುವ ಚೌಕದ ಬಾಯಿ. ರಸ್ತೆಯಲ್ಲಿ ಹೂತಿರುವ ವಾಲ್ವ್‌ಗಳನ್ನು ತೆರೆದು ಮುಚ್ಚಿ, ಯಾವ ಬೀದಿಗೆ ಯಾವಾಗ ನೀರು ಹೋಗಬೇಕೆಂದು ತೀರ್ಮಾನ ಮಾಡುವುದು ಇದೇ ಕೀ. ಪಂಚಾಯಿತಿಯ ಪುಸ್ತಕದಲ್ಲಿ ಅಪ್ಪನ ಕೆಲಸಕ್ಕೆ ವಾಟರ್‌ಮ್ಯಾನ್ ಎಂದು ಬರೆದಿದ್ದಾರೆ. ಊರಿನವರು ಇವತ್ತಿಗೂ ಕರೆಯುವುದು ನೀರುಗಂಟಿ ಎಂದೇ. ಅಪ್ಪನ ಅಪ್ಪನೂ ನೀರುಗಂಟಿ, ಅವನ ಅಪ್ಪನೂ ನೀರುಗಂಟಿ. ಆಗ ಕೀ ಇರಲಿಲ್ಲ, ಹಳೇ ಮನೆಯ ಮೂಲೆಯಲ್ಲಿ ಕಾಲುವೆ ತಿರುಗಿಸುವ ಸನಿಕೆ ಇರುತ್ತಿತ್ತು.

ಇಡೀ ಊರಿನ ನೀರಿನ ಕೀ ಇರುವ ಮನೆಗೆ ನೀರು ಬರುವುದು ಎಲ್ಲರಿಗಿಂತ ಕೊನೆಗೆ. ಅದೂ ಉಳಿದರೆ. ಇದನ್ನು ಹೇಳಿದರೆ ಫ್ಯಾಕ್ಟರಿಯಲ್ಲಿ ಯಾರೂ ನಂಬುವುದಿಲ್ಲ. ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡ್‌ಗಳನ್ನು ಪರೀಕ್ಷೆ ಮಾಡಿ ಪಾಸು, ಫೇಲು ಎಂದು ಬೇರೆ ಮಾಡುವವಳು. ಗಂಡ ತೀರಿಕೊಂಡ ಮೇಲೆ ಅಪ್ಪನ ಮನೆಗೆ ವಾಪಸ್ ಬಂದೆ. ಅವ್ವ ಅಷ್ಟರಲ್ಲಾಗಲೇ ತೀರಿಹೋಗಿದ್ದಳು. ಮನೆಯಲ್ಲಿ ಇರುವುದು ನಾನು, ಅಪ್ಪ, ಮೂರನೆಯದಾಗಿ ಆ ಕೀ. ಅದನ್ನು ಕಂಡರೆ ನನಗೆ ಸವತಿಯನ್ನು ಕಂಡಷ್ಟು ಸಿಟ್ಟು ಬರುತ್ತಿತ್ತು.

ಆ ಕೀ ಅಪ್ಪನ ಕೈ ತಪ್ಪಿಹೋಗುವುದರಲ್ಲಿದ್ದ ಬೇಸಿಗೆಯ ವಿಷಯ ಇದು. ಬೆಂಗಳೂರಿನ ಸುತ್ತಮುತ್ತ ಬೋರ್‌ವೆಲ್‌ಗಳು ಒಂದರ ಹಿಂದೆ ಒಂದು ಕೈಕೊಟ್ಟ ಬೇಸಿಗೆ ಅದು. ಕೀ ಹೋದರೆ ಅಪ್ಪನ ಕೆಲಸ ಹೋಗುತ್ತಿತ್ತು, ಅದು ಒಂದು. ಕೆಲಸ ಹೋಗಿದ್ದರೆ ನನ್ನ ಸಂಬಳದಲ್ಲಿ ಇಬ್ಬರೂ ಹೇಗೋ ಇರುತ್ತಿದ್ದೆವು. ಆದರೆ ಬೆಳಿಗ್ಗೆ ಎದ್ದು ನೀರು ಬಿಡಲು ಹೋಗುವ ಕೆಲಸ ಇಲ್ಲದಿದ್ದರೆ ಅಪ್ಪ ಯಾಕೆ ಎದ್ದೇಳಬೇಕು?

ಚಂದಾಪುರದಿಂದ ಒಳಕ್ಕೆ ತಿರುಗಿ, ರೂಮು ಬಾಡಿಗೆಗಿದೆ ಎಂಬ ಬೋರ್ಡುಗಳನ್ನು ಓದುತ್ತಾ ಬಂದರೆ ಸಿಗುವ ಊರು ನಮ್ಮದು. ಕೆರೆ ಈಗಲೂ ಇದೆ. ಬೇಸಿಗೆಯಲ್ಲೂ ತುಂಬಿರುತ್ತದೆ, ಆದರೆ ಅದು ಬಚ್ಚಲ ನೀರು, ಕೈಯದ್ದುವವರಿಲ್ಲ. ಏರಿಯ ಮೇಲೆ ನಿಂತರೆ ತೂಬಿನ ಎರಡು ಕಲ್ಲುಕಂಬಗಳು ಕಾಣುತ್ತವೆ. ಮೊದಲು ಆ ತೂಬು ಎತ್ತಿದರೆ ಕಾಲುವೆಗೆ ನೀರು ಬಿದ್ದು ಗದ್ದೆಗಳಿಗೆ ಹೋಗುತ್ತಿತ್ತು. ಈಗ ಗದ್ದೆಗಳ ಮೇಲೆ ಮೂರಂತಸ್ತು, ನಾಲ್ಕಂತಸ್ತಿನ ಕಟ್ಟಡಗಳು, ಶೀಟು ಹಾಕಿದ ರೂಮುಗಳು. ಕಾಲುವೆ ಇದ್ದ ಜಾಗವೇ ರಸ್ತೆಯಾಯಿತು, ರಸ್ತೆಯ ಕೆಳಗೆ ಪೈಪು ಬಂತು. ಪಂಚಾಯಿತಿಯವರು ಬೀದಿಗಳಿಗೆ ಒಂದನೇ ಲೈನು, ಎರಡನೇ ಲೈನು ಎಂದು ನಂಬರು ಕೊಟ್ಟರು. ಅಪ್ಪ ಆ ನಂಬರುಗಳನ್ನು ಕಲಿಯಲೇ ಇಲ್ಲ. ಅವನಿಗೆ ಒಂದನೆಯದು ಹುಣಸೆಗದ್ದೆ, ಎರಡನೆಯದು ಉದ್ದಗದ್ದೆ, ಮೂರನೆಯದು ಕಲ್ಲುಗದ್ದೆ, ನಾಲ್ಕನೆಯದು ಕಡೇಗದ್ದೆ. ನೀರು ಬೇಕಾದವರೆಲ್ಲ ಅವನ ಹೆಸರುಗಳನ್ನೇ ಕಲಿತುಕೊಂಡರು. ಈಗ ಮನೆಗೆ ಊಟ ತಂದುಕೊಡುವವರು ಕೂಡ ಫೋನಿನಲ್ಲಿ, ಉದ್ದಗದ್ದೆ ಸೆಕೆಂಡ್ ಫ್ಲೋರಾ ಸಾರ್ ಎಂದು ಕೇಳುತ್ತಾರೆ. ಅಲ್ಲಿ ಗದ್ದೆ ಹುಡುಕಿದರೆ ಒಂದು ಗರಿಕೆಯೂ ಸಿಗುವುದಿಲ್ಲ.

ನಮಗೂ ತೂಬಿನ ಪಕ್ಕದಲ್ಲೇ ಒಂದು ತುಂಡು ಗದ್ದೆ ಇತ್ತು. ನೀರುಗಂಟಿಗೆಂದು ಊರು ಬಿಟ್ಟುಕೊಟ್ಟದ್ದು. ಈಗ ನಮ್ಮ ಮನೆ ಇರುವುದು ಅದರ ಮೇಲೆ. ಪಂಪ್ ಮನೆಗೆ ಎಲ್ಲರಿಗಿಂತ ಹತ್ತಿರ ನಾವೇ. ಆಗ ತೂಬಿಗೂ ನಾವೇ ಹತ್ತಿರ. ಆದರೆ ನೀರುಗಂಟಿಯ ಗದ್ದೆಗೆ ಕೊನೆಯ ಸರದಿ ಎಂಬುದು ಹಿಂದಿನಿಂದ ಬಂದ ಕಟ್ಟು. ಕೈಯಲ್ಲಿ ತೂಬು ಇರುವವನು ಮೊದಲು ತನಗೆ ಬಿಟ್ಟುಕೊಂಡರೆ ಊರಿನಲ್ಲಿ ಯಾರು ನಂಬುತ್ತಾರೆ ಎಂದು ಅಪ್ಪ ಹೇಳುತ್ತಿದ್ದ. ಸಂಜೆ ಅವನು ಕಾಲು ತೊಳೆದು ಒಳಗೆ ಬರುವಾಗ ಅವ್ವ ಕೇಳುತ್ತಿದ್ದದ್ದು ಒಂದೇ ಮಾತು: "ಎಲ್ಲೀಗಂಟ ಮುಟ್ತು?" ಅಪ್ಪ ಯಾವುದೋ ಒಂದು ಗದ್ದೆಯ ಹೆಸರು ಹೇಳುತ್ತಿದ್ದ. ಅದರಲ್ಲೇ ನಮ್ಮ ಪೈರಿನ ಹಣೆಬರಹ ಗೊತ್ತಾಗುತ್ತಿತ್ತು.

ಸರದಿ ಎಣಿಸುವುದಕ್ಕೂ ಅವನದೊಂದು ರೀತಿ ಇತ್ತು. ತೂಬು ಎತ್ತಿದ ಕೂಡಲೇ ಎಣಿಕೆ ಶುರುವಾಗುವುದಿಲ್ಲ. ನೀರು ಕಾಲುವೆಯಲ್ಲಿ ಹರಿದು, ಒಣಗಿದ ಮಣ್ಣು ಕುಡಿದು, ಬಿರುಕು ತುಂಬಿ, ಆ ಗದ್ದೆಯ ಬದು ಮುಟ್ಟಬೇಕು. ಮುಟ್ಟಿದ ಮೇಲೆ ಅಪ್ಪ ಸನಿಕೆಯನ್ನು ನೆಲಕ್ಕೆ ನೆಟ್ಟು ಅದರ ನೆರಳಿಗೆ ಗೆರೆ ಎಳೆಯುತ್ತಿದ್ದ. ಅಲ್ಲಿಂದ ಲೆಕ್ಕ. ದಾರಿಯಲ್ಲಿ ಕಾಲುವೆ ಕುಡಿದದ್ದು ಯಾರ ಪಾಲಿಗೂ ಸೇರುವುದಿಲ್ಲ. ಇಲ್ಲದಿದ್ದರೆ ತೂಬಿನ ಹತ್ತಿರದವನ ಅರ್ಧ ಗಂಟೆಯೂ ಕೊನೆಯವನ ಅರ್ಧ ಗಂಟೆಯೂ ಹೇಗೆ ಒಂದೇ ಆಗುತ್ತದೆ? ಕೆರೆಯಲ್ಲಿ ನೀರು ಕಡಿಮೆಯಾದ ವರ್ಷವಂತೂ ಸರದಿಯೇ ತಿರುಗುಮುರುಗು, ಕಡೇಗದ್ದೆಗೆ ಮೊದಲು.

ನನಗೆ ಎಂಟೋ ಒಂಬತ್ತೋ ವರ್ಷ ಇದ್ದಾಗ ಅಂಥದೊಂದು ವರ್ಷ ಬಂತು. ತೂಬಿನ ಕಂಬದ ಮೇಲೆ ನೀರಿನ ಮಟ್ಟ ನೋಡಲು ಕಲ್ಲಿನಲ್ಲೇ ಗುರುತುಗಳಿದ್ದವು, ಅವನ್ನೇ ಒಂದನೇ ಕಲ್ಲು, ಎರಡನೇ ಕಲ್ಲು ಎನ್ನುತ್ತಿದ್ದರು. ನೀರು ಮೂರನೇ ಗುರುತಿಗೆ ಇಳಿದಿತ್ತು. ಅಪ್ಪ ಕಡೇಗದ್ದೆಗೆ ಬಿಟ್ಟ. ಮೇಲಿನ ಗದ್ದೆಯವರು ದೊಣ್ಣೆ ಹಿಡಿದು ಬಂದರು. ಅಪ್ಪ ಮಾತಿಗೆ ಮಾತು ಬೆಳೆಸದೆ ತೂಬಿನ ಕಲ್ಲಿನ ಮೇಲೆ ಹತ್ತಿ ಕೂತುಬಿಟ್ಟ, ಅವನನ್ನು ಮುಟ್ಟಿ ಇಳಿಸಲು ಅವರ್ಯಾರಿಗೂ ಮನಸ್ಸಿರಲಿಲ್ಲ. ನಮ್ಮನ್ನು ಮುಟ್ಟದ ಕಾಲ ಅದು, ಅವತ್ತು ಮಾತ್ರ ಅದು ನಮಗೆ ಉಪಯೋಗಕ್ಕೆ ಬಂತು. ಅಪ್ಪ ಬಿಟ್ಟ ನೀರಿನಲ್ಲಿ ಬೆಳೆದ ಭತ್ತ ಎಲ್ಲರ ಮನೆ ಸೇರುತ್ತಿತ್ತು. ಅವರ ಬಾವಿಯ ನೀರು ಮಾತ್ರ ಯಾರಾದರೂ ಮೇಲಿನಿಂದ ನಮ್ಮ ಕೊಡಕ್ಕೆ ಸುರಿಯಬೇಕು, ನಾವು ಹಗ್ಗ ಮುಟ್ಟುವ ಹಾಗಿರಲಿಲ್ಲ. ಸುಗ್ಗಿಯಲ್ಲೂ ಹಾಗೆಯೇ. ಕಣದಲ್ಲಿ ರಾಶಿ ಮಾಡಿದ ಮೇಲೆ ನೀರುಗಂಟಿಗೆ ಆಯ ಎಂದು ಗದ್ದೆಗೊಂದು ಮೊರ ಭತ್ತ ಕೊಡುತ್ತಿದ್ದರು. ಅಪ್ಪ ಟವೆಲ್ ಹರಡಿ ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ, ಅವರು ಮೇಲಿನಿಂದ ಸುರಿಯುತ್ತಿದ್ದರು. ಗದ್ದೆ ದೊಡ್ಡದಿರಲಿ, ಚಿಕ್ಕದಿರಲಿ, ಮೊರ ಒಂದೇ.

ಆ ವರ್ಷ ಕಡೇಗದ್ದೆಯಲ್ಲಿ ಭತ್ತ ಬಂತು, ನಮ್ಮ ತುಂಡಿನಲ್ಲಿ ಬರಲಿಲ್ಲ. ಕಡೇಗದ್ದೆಯ ಮನೆಯವರಿಗೆ ಆಗ ಅದೊಂದು ಗದ್ದೆ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಮನೆಯ ಮಗ ಈಗ ಊರಿನ ಯಜಮಾನರು. ಆಮೇಲಿನ ವರ್ಷಗಳಲ್ಲಿ ಜಮೀನು ಕೊಂಡು, ಮಾರಿ, ಮತ್ತೆ ಕೊಂಡು ಮೇಲಕ್ಕೆ ಬಂದರು. ಹುಣಸೆಗದ್ದೆಯಲ್ಲಿ ನಾಲ್ಕಂತಸ್ತು ಕಟ್ಟಿಸಿ ಅಲ್ಲೇ ಇದ್ದಾರೆ, ಪಂಚಾಯಿತಿ ಸದಸ್ಯರೂ ಹೌದು. ಕಡೇಗದ್ದೆಯಲ್ಲಿ ಹದಿನಾಲ್ಕು ಶೀಟಿನ ರೂಮು ಹಾಕಿ ಬಾಡಿಗೆಗೆ ಕೊಟ್ಟಿದ್ದಾರೆ. ಅಲ್ಲಿರುವವರೆಲ್ಲ ಯಾದಗಿರಿ, ರಾಯಚೂರು ಕಡೆಯವರು, ಕಟ್ಟಡದ ಕೆಲಸ, ಫ್ಯಾಕ್ಟರಿ ಕೆಲಸ, ಕಂಪನಿಗಳಲ್ಲಿ ಕ್ಲೀನಿಂಗ್ ಕೆಲಸ ಮಾಡುವವರು. ತಮ್ಮ ಊರಿನಲ್ಲಿ ನೀರಿಲ್ಲ ಎಂದು ಇಲ್ಲಿಗೆ ಬಂದವರಿಗೆ ಇಲ್ಲಿ ಸಿಕ್ಕಿದ್ದು ಕಾಲುವೆಯ ಕೊನೆ.

ಊರಿಗೆ ಇದ್ದದ್ದು ಮೂರು ಬೋರು. ಆ ಬೇಸಿಗೆ ಶಿವರಾತ್ರಿ ಕಳೆಯುವುದರೊಳಗೆ ಎರಡು ನಿಂತವು. ಓವರ್‌ಹೆಡ್ ಟ್ಯಾಂಕು ಸೋರುತ್ತದೆಂದು ಮೊದಲೇ ಬಿಟ್ಟಿದ್ದರು, ಉಳಿದ ಒಂದು ಬೋರಿನಿಂದ ನೇರವಾಗಿ ಪೈಪಿಗೆ ಬಿಡಬೇಕಾಯಿತು. ಪಂಚಾಯಿತಿಯವರು ಒಂದು ಚೀಟಿ ಅಂಟಿಸಿದರು: ದಿನ ಬಿಟ್ಟು ದಿನ, ಲೈನಿಗೆ ಅರ್ಧ ಗಂಟೆ, ಒಂದನೇ ಲೈನಿನಿಂದ ಶುರು. ಎಣಿಕೆ ವಾಲ್ವ್ ತೆರೆದಾಗಿನಿಂದ. ಹುಣಸೆಗದ್ದೆಯಲ್ಲಿ ವಾಲ್ವ್ ತೆರೆದ ಎರಡನೇ ನಿಮಿಷಕ್ಕೆ ಸಂಪು ತುಂಬಲು ಶುರುವಾಗುತ್ತಿತ್ತು. ಕಡೇಗದ್ದೆಯ ನಲ್ಲಿಯಲ್ಲಿ ಇಪ್ಪತ್ತು ನಿಮಿಷ ಗಾಳಿ, ಆಮೇಲೆ ಐದು ನಿಮಿಷ ಕೆಂಪು ನೀರು, ಉಳಿದ ಐದು ನಿಮಿಷದಲ್ಲಿ ಹದಿನಾಲ್ಕು ಮನೆ ಹಿಡಿದುಕೊಳ್ಳಬೇಕು.

ಅಪ್ಪ ಒಂದು ವಾರ ಚೀಟಿಯ ಪ್ರಕಾರ ಬಿಟ್ಟ. ಎಂಟನೇ ದಿನ ಚೀಟಿ ಬಿಟ್ಟು ತನ್ನ ಹಳೆಯ ಲೆಕ್ಕಕ್ಕೆ ಬಂದ. ಪಂಪ್ ಮನೆಯಲ್ಲಿ ಸ್ವಿಚ್ ಒತ್ತಿ, ಕಡೇಗದ್ದೆಯ ವಾಲ್ವ್ ತೆರೆದು, ಸೈಕಲ್ ಹತ್ತಿ ಅಲ್ಲಿಗೇ ಹೋಗಿ ಕೊನೆಯ ನಲ್ಲಿಯ ಬಾಯಿಗೆ ಅಂಗೈ ಕೊಟ್ಟು ನಿಲ್ಲುವುದು. ಅಂಗೈಗೆ ನೀರು ಮುಟ್ಟಿದ ಮೇಲೆ ವಾಚು ನೋಡುವುದು. ಅಲ್ಲಿಂದ ಅರ್ಧ ಗಂಟೆ. ಆಮೇಲೆ ಕಲ್ಲುಗದ್ದೆ, ಉದ್ದಗದ್ದೆ, ಹುಣಸೆಗದ್ದೆ, ಕೊನೆಗೆ ನಮ್ಮ ನಲ್ಲಿ. ಕಡೇಗದ್ದೆಯ ಮೊದಲ ರೂಮಿನಲ್ಲಿ ಯಾದಗಿರಿಯ ಒಬ್ಬ ಹೆಂಗಸು ಇದ್ದಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಅಪ್ಪನನ್ನು ಮುತ್ಯಾ ಎಂದು ಕರೆಯುತ್ತಿದ್ದಳು, ಅವರ ಕಡೆ ಅಜ್ಜನಿಗೆ ಹಾಗೆ ಅನ್ನುವುದು. ಅಪ್ಪ ನಿಂತು ಕಾಯುವುದನ್ನು ನೋಡಲಾರದೆ ಅವಳು ಒಂದು ಪ್ಲಾಸ್ಟಿಕ್ ಸ್ಟೂಲು ತಂದಿಟ್ಟಳು. ಆ ಸ್ಟೂಲಿನ ವಿಷಯ ಅಪ್ಪ ಮನೆಯಲ್ಲಿ ಮೂರು ಸಲ ಹೇಳಿದ.

ಯಜಮಾನರು ಮನೆ ಬಾಗಿಲಿಗೇ ಬಂದು ಹೇಳಿದರು. ಜೋರು ಮಾಡಲಿಲ್ಲ. ಹುಣಸೆಗದ್ದೆಗೆ ಬರುವ ಹೊತ್ತಿಗೆ ನೀರಿನ ಜೋರು ಕಮ್ಮಿಯಾಗುತ್ತದೆ, ಬಾಡಿಗೆಯ ಟೆಕ್ಕಿಗಳು ರೂಮು ಖಾಲಿ ಮಾಡುತ್ತೇವೆ ಅನ್ನುತ್ತಿದ್ದಾರೆ, ಚೀಟಿಯಲ್ಲಿ ಇದ್ದ ಹಾಗೆ ಬಿಡು ಎಂದರು. ಅಪ್ಪ, ಕಡೇಗದ್ದೆಯವರೂ ನಿಮ್ಮ ಬಾಡಿಗೆಯವರೇ ಅಲ್ಲವಾ ಎಂದು ಕೇಳಿದ. ಅವರು ಎಲ್ಲಿಗೂ ಹೋಗುವುದಿಲ್ಲ ಬಿಡು ಎಂದರು ಯಜಮಾನರು. ನಿಜ ಹೇಳಬೇಕೆಂದರೆ ಆವತ್ತು ನನಗೆ ಯಜಮಾನರ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಅಪ್ಪನ ಮೇಲೆ ಬಂತು. ಏಕೆಂದರೆ ಸರದಿ ಉದ್ದವಾದಷ್ಟೂ ಕೊನೆಯಲ್ಲಿದ್ದ ನಮಗೆ ಏನೂ ಉಳಿಯುತ್ತಿರಲಿಲ್ಲ. ನಾನು ದಿನಾ ಫ್ಯಾಕ್ಟರಿಯ ಫಿಲ್ಟರಿನಿಂದ ಎರಡು ಬಾಟಲಿ ನೀರು ತುಂಬಿಕೊಂಡು ಬರುತ್ತಿದ್ದೆ. ಗೇಟಿನ ಸೆಕ್ಯೂರಿಟಿಯಾಕೆ ಬ್ಯಾಗು ತೆಗೆಸಿ ನೋಡಿ, ಬಾಟಲಿ ಮುಟ್ಟಿ, ಮುಖ ನೋಡಿ ಬಿಡುತ್ತಿದ್ದಳು. ಒಂದು ದಿನ ಫ್ಯಾಕ್ಟರಿಯ ಬಾತ್‌ರೂಮಿನಲ್ಲಿ ತಲೆ ತೊಳೆದುಕೊಂಡು ಒದ್ದೆ ಕೂದಲಿನಲ್ಲೇ ಟೇಬಲ್ಲಿಗೆ ಬಂದೆ. ಬೋರ್ಡ್ ಮೇಲೆ ಒಂದು ಹನಿ ಬಿದ್ದು ಸೂಪರ್‌ವೈಸರಿನಿಂದ ಬೈಸಿಕೊಂಡೆ.

ಮನೆಗೆ ಬಂದವಳೇ ಅಪ್ಪನ ಮೇಲೆ ಹರಿಹಾಯ್ದೆ. ಊರಿಗೆಲ್ಲ ಹಂಚುವವನಿಗೆ ಮಗಳ ತಲೆಸ್ನಾನಕ್ಕೆ ಒಂದು ಬಕೆಟ್ ಉಳಿಸಲು ಆಗುವುದಿಲ್ಲವೇ ಎಂದೆ. ಅವ್ವ ಸಾಯುವವರೆಗೂ ಇದನ್ನೇ ಅನುಭವಿಸಿದಳು, ಈಗ ನನ್ನ ಸರದಿ ಎಂದೆ. ಅದು ಆಡಬಾರದ ಮಾತು, ಆಡುವಾಗಲೇ ಗೊತ್ತಾಯಿತು. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ತಟ್ಟೆ ನೋಡಿದ, ಆಮೇಲೆ ಊಟ ಮುಗಿಸಿದ. 

ಮೋಟರು ಸುಟ್ಟದ್ದು ಅದರ ಮಾರನೆಯ ಸರದಿಯಲ್ಲಿ. ನನಗೆ ಆ ತಿಂಗಳು ಎರಡನೇ ಶಿಫ್ಟು, ಮಧ್ಯಾಹ್ನ ಬಸ್ಸಿಗೆ ಹೋದರೆ ಸಾಕು, ಬೆಳಿಗ್ಗೆ ಮನೆಯಲ್ಲೇ ಇದ್ದೆ. ಅಪ್ಪ ಎಂದಿನಂತೆ ಸ್ವಿಚ್ ಹಾಕಿ ಕಡೇಗದ್ದೆಗೆ ಹೋದ. ನಾನು ಜಗಲಿಯಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದೆ. ಮೋಟರು ಓಡುವಾಗ ಪಂಪ್ ಮನೆಯ ಸ್ವಿಚ್ ಪೆಟ್ಟಿಗೆಯಿಂದ ಗುಂಯ್ ಎಂದು ಒಂದು ಸದ್ದು ಬರುತ್ತಿರುತ್ತದೆ, ಅದು ಇದ್ದಕ್ಕಿದ್ದಂತೆ ತೆಳ್ಳಗಾಯಿತು. ದಿನಾ ಯಂತ್ರಗಳ ಮಧ್ಯೆ ಕೂರುವವಳು ನಾನು, ಸದ್ದು ಬದಲಾದರೆ ಏನೋ ಆಗಿದೆ ಎಂಬುದು ನನಗೆ ಗೊತ್ತು. ನೂರು ಹೆಜ್ಜೆ ಹೋಗಿ ಸ್ವಿಚ್ ಆರಿಸಿದ್ದರೆ ಮುಗಿಯುತ್ತಿತ್ತು. ಅವನ ಮೋಟರು, ಅವನ ಕೀ, ಅವನೇ ನೋಡಿಕೊಳ್ಳಲಿ ಎಂದು ಕಾಳು ಬಿಡಿಸುತ್ತಾ ಕೂತೆ.

ಅತ್ತ ಅಪ್ಪ ನಲ್ಲಿಗೆ ಅಂಗೈ ಕೊಟ್ಟು ಕೂತಿದ್ದ. ಮೊದಲು ಗಾಳಿ ಬಂತು, ಆಮೇಲೆ ಅದೂ ನಿಂತಿತು. ಬೋರಿನಲ್ಲಿ ನೀರು ತಳ ಹಿಡಿದು ಮೋಟರು ಒಣಗಿ ಓಡುತ್ತಿದೆ ಎಂದು ಅವನಿಗೆ ಹೊಳೆಯಲಿಲ್ಲ. ಅವನು ಅಂದುಕೊಂಡದ್ದು ಪೈಪು ಕುಡಿಯುತ್ತಿದೆ ಎಂದು. ಒಣಗಿದ ಕಾಲುವೆ ತುಂಬುವವರೆಗೆ ತಾಳ್ಮೆಯಿಂದ ಕಾಯುವುದೇ ಅವನು ಕಲಿತ ಕಸುಬು. ಇವತ್ತು ಬರುವ ಹಾಗೆ ಕಾಣುವುದಿಲ್ಲ ಎಂದು ಯಾದಗಿರಿಯವಳು ಎರಡು ಸಲ ಹೇಳಿದಳಂತೆ. ಬತ್ತದೆ ತಡಿಯವ್ವ ಎಂದನಂತೆ ಅಪ್ಪ. ಮುಕ್ಕಾಲು ಗಂಟೆ ಕಾದ. ನೀರು ತೀರಿದರೆ ತಾನೇ ನಿಲ್ಲಿಸುವ ಒಂದು ಸಣ್ಣ ಸಾಧನ ಪೆಟ್ಟಿಗೆಯಲ್ಲಿ ಇರಬೇಕಿತ್ತು. ಅದು ಕೆಟ್ಟು ತಿಂಗಳುಗಳಾಗಿತ್ತು, ಪಂಚಾಯಿತಿಯವರು ಅದನ್ನು ಬಿಟ್ಟು ತಂತಿ ನೇರ ಕೊಟ್ಟಿದ್ದರು. ಮೋಟರು ಮೇಲೆತ್ತಿದಾಗ ಸುಟ್ಟ ವಾಸನೆ ನಮ್ಮ ಮನೆವರೆಗೂ ಬಂತು. ಬೆಳಿಗ್ಗೆ ಬಿಡಿಸಿದ ಕಾಳು ಆವತ್ತು ನಾನು ಬೇಯಿಸಲಿಲ್ಲ, ಬೇಯಿಸಲು ನೀರೂ ಇರಲಿಲ್ಲ.

ಒಂಬತ್ತು ದಿನ ಊರಿಗೆ ನೀರಿಲ್ಲ. ಹುಣಸೆಗದ್ದೆಯವರು ಟ್ಯಾಂಕರ್ ತರಿಸಿದರು. ಉದ್ದಗದ್ದೆಯವರು ಸೇರಿಕೊಂಡು ತರಿಸಿದರು. ಕಡೇಗದ್ದೆಯಲ್ಲಿ ನಾಲ್ಕು ಮನೆಯವರು ರೂಮಿಗೆ ಬೀಗ ಹಾಕಿ ಊರಿಗೆ ಹೋದರು, ಊರಿನಲ್ಲಿ ನೀರಿದೆಯೆಂದಲ್ಲ, ಅಲ್ಲಾದರೆ ಬಾಡಿಗೆ ಇಲ್ಲವೆಂದು. ಯಾದಗಿರಿಯವಳು ಉಳಿದಳು. ಅವಳು ಕ್ಲೀನಿಂಗ್ ಕೆಲಸ ಮಾಡುತ್ತಿದ್ದ ಕಂಪನಿಯಿಂದ ಅವಳೂ ಬಾಟಲಿ ತರುತ್ತಾಳೆಂದು ಬಸ್‌ಸ್ಟಾಪಿನಲ್ಲಿ ಗೊತ್ತಾಯಿತು. ನನ್ನ ಬ್ಯಾಗು, ಅವಳ ಬ್ಯಾಗು ಎರಡೂ ಒಂದೇ ಕಡೆ ಜಗ್ಗುತ್ತಿದ್ದವು. ಇಬ್ಬರೂ ನಕ್ಕೆವು. ಅವಳು ಅಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಹತ್ತನೆಯ ದಿನ ಹೊಸ ಮೋಟರು ಇಳಿಸುವುದಿತ್ತು. ಅದಕ್ಕೆ ಮುಂಚೆ ಅಪ್ಪನನ್ನು ಪಂಚಾಯಿತಿ ಆಫೀಸಿಗೆ ಕರೆದರು. ಕೀ ತೆಗೆದುಕೊಂಡೇ ಬಾ ಎಂದು ಹೇಳಿಕಳಿಸಿದ್ದರಿಂದ ವಿಷಯ ಏನೆಂದು ಇಬ್ಬರಿಗೂ ಗೊತ್ತಿತ್ತು. ಅಪ್ಪ ಒಗೆದ ಅಂಗಿ ಹಾಕಿಕೊಂಡ. ಕೀಯನ್ನೂ ಒರೆಸಿದ. ನನ್ನನ್ನು ಕರೆಯದಿದ್ದರೂ ಹಿಂದೆ ಹೋದೆ.

ಅಧಿಕಾರಿಗಳು ಮೋಟರಿನ ಕಾಗದಗಳನ್ನು ನೋಡುತ್ತಿದ್ದರು, ಮಾತಾಡಿದ್ದು ಯಜಮಾನರೇ. "ನಿನ್ ಮೇಲೆ ನಂಗೇನೂ ಕೋಪ ಇಲ್ಲಪ್ಪ. ತೂಬಿನ ಕಾಲ ಮುಗೀತು, ಅಷ್ಟೇ. ಕೀ ಇಲ್ಲಿಟ್ಟು ಹೋಗು, ಬೇರೆಯೋರ್ನ ನೋಡ್ಕೊಂತೀವಿ."

ಅಪ್ಪ ಕೀಯನ್ನು ಟೇಬಲ್ಲಿಗೆ ಒರಗಿಸಿದ. "ತಪ್ಪು ನಂದೇ ಯಜಮಾನ್ರೆ. ಕೆರೆ ಆಗಿದ್ರೆ ಕಲ್ಲು ನೋಡಿ ನೀರೆಷ್ಟೈತೆ ಅಂತ ಏಳ್ಬುಡ್ತಿದ್ದೆ. ನೆಲದೊಳಗಿನ ನೀರು ನಂಗೆ ಕಾಣ್ನಿಲ್ಲ." ಕೀಯ ಮೇಲಿಂದ ಕೈ ತೆಗೆದು ಹೇಳಿದ: "ಕೀ ಯಾರ್ಗಾದ್ರೂ ಕೊಡಿ. ಕಡೇಗದ್ದೆಗೆ ಮೊದ್ಲು ಬುಡೋಕೆ ಏಳಿ."

ಅಪ್ಪ ಅಷ್ಟು ಹೇಳಿ ಹೊರಟುಬಿಡುತ್ತಿದ್ದ. ನನ್ನ ಬಾಯಿ ಸುಮ್ಮನಿರುವ ಬಾಯಿಯಲ್ಲ. "ಕೆರೆ ಮೂರನೇ ಕಲ್ಲಿಗಿಳಿದ ವರ್ಷ ನಿಮ್ಮನೇಲಿ ಅನ್ನ ಬೆಂದಿದ್ದು ಯಾವ ನೀರಲ್ಲಿ ಅಂತ ಒಂದ್ಸಲ ಹೇಳ್ಬಿಡಿ ಯಜಮಾನ್ರೆ. ಆಮೇಲೆ ಕೀ ಇಟ್ಕೊಳ್ಳಿ" ಎಂದೆ.

ಅಪ್ಪ ನನ್ನ ಕಡೆ ತಿರುಗಿದ. ಜೀವನದಲ್ಲಿ ಒಂದು ಏಟೂ ಹೊಡೆಯದವನು ಆವತ್ತು ಹೊಡೆದೇಬಿಡುತ್ತಾನೆ ಅನ್ನಿಸಿತು. "ಬಾಯ್ಮುಚ್ಚು. ಕೊಟ್ಟ ನೀರ್ನ ಆಡಿ ತೋರಿಸ್ಬಾರ್ದು."

ಬಾಯಿ ಮುಚ್ಚಲಿಲ್ಲ, ಆದರೆ ಮಾತು ಬದಲಾಯಿತು. ಪೆಟ್ಟಿಗೆಯ ಸದ್ದು ಬದಲಾದದ್ದು ನನಗೆ ಕೇಳಿಸಿತ್ತು, ನಾನು ಮನೆಯಲ್ಲೇ ಇದ್ದೆ, ಅಪ್ಪನ ಮೇಲಿನ ಕೋಪಕ್ಕೆ ಎದ್ದು ಹೋಗಲಿಲ್ಲ ಎಂದು ಹೇಳಿದೆ. ಇದನ್ನು ಅಪ್ಪನಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಅವನು ನೆಲ ನೋಡುತ್ತಾ ನಿಂತ. ಯಜಮಾನರು ಟೇಬಲ್ಲಿಗೆ ಒರಗಿದ್ದ ಕೀಯನ್ನು ನೋಡಿದರು. ಅವರು ನೆನೆಸಿಕೊಂಡದ್ದು ಮೂರನೇ ಕಲ್ಲನ್ನೋ, ಅಥವಾ ಊರಿನ ಬೈಗುಳವೆಲ್ಲ ತಿನ್ನುವ ಈ ಕೆಲಸಕ್ಕೆ ಬೇರೆ ಯಾರು ಬರುತ್ತಾರೆ ಎಂಬುದನ್ನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊನೆಗೆ, ಹಾಗಾದರೆ ಮೋಟರಿನ ಹತ್ತಿರ ಕೂರುವವರು ಯಾರು ಎಂದು ಕೇಳಿದರು. ನಾನು ಕೂರುತ್ತೇನೆ ಎಂದೆ. ಶಿಫ್ಟು ಬದಲಾದರೆ ಏನು ಮಾಡುತ್ತೀಯ ಎಂದರು. ಎರಡನೇ ಶಿಫ್ಟನ್ನೇ ಕೇಳಿ ಹಾಕಿಸಿಕೊಳ್ಳುತ್ತೇನೆ ಎಂದೆ. ಅದನ್ನು ಯಾರೂ ಕೇಳಿ ಹಾಕಿಸಿಕೊಳ್ಳುವುದಿಲ್ಲ, ಹಾಗಾಗಿ ಸಿಗುತ್ತದೆ. ಮಳೆಗಾಲದವರೆಗೆ ನೋಡೋಣ ಎಂದು ಯಜಮಾನರು ಎದ್ದರು. ಕೀ ಎತ್ತಿಕೊಂಡು ಬಂದದ್ದು ನಾನು. ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ.

ಹೊಸ ಪೆಟ್ಟಿಗೆಯಲ್ಲಿ ಕರೆಂಟು ಎಷ್ಟು ಎಳೆಯುತ್ತಿದೆ ಎಂದು ತೋರಿಸುವ ಒಂದು ಮುಳ್ಳು ಇದೆ. ಬೋರಿನಲ್ಲಿ ನೀರು ಚೆನ್ನಾಗಿದ್ದರೆ ಮುಳ್ಳು ಮೇಲೆ ನಿಲ್ಲುತ್ತದೆ, ನೀರು ತೀರುತ್ತಾ ಬಂದರೆ ಇಳಿಯುತ್ತದೆ. ಮೆಕ್ಯಾನಿಕ್ ತೋರಿಸಿದ ಜಾಗದಲ್ಲಿ ಗಾಜಿನ ಮೇಲೆ ನನ್ನ ಉಗುರಿನ ಬಣ್ಣದಿಂದ ಒಂದು ಕೆಂಪು ಗೆರೆ ಹಾಕಿದೆ. ಅಪ್ಪ ಬಗ್ಗಿ ಬಹಳ ಹೊತ್ತು ನೋಡಿದ. ಮುಳ್ಳು ಆ ಗೆರೆ ಮುಟ್ಟಿದರೆ ಯಾರ ಸರದಿ ಇದ್ದರೂ ಆರಿಸಬೇಕು ಎಂದು ವಿವರಿಸಿದೆ. ಇದು ಕಲ್ಲು ಅನ್ನು ಎಂದ ಅಪ್ಪ. ಆಮೇಲೆ ನಾವು ಅದನ್ನು ಕಲ್ಲು ಎಂದೇ ಕರೆದೆವು. ಅಪ್ಪ ಕಡೇಗದ್ದೆಯಲ್ಲಿ ಸ್ಟೂಲಿನ ಮೇಲೆ ಕೂತು ನಲ್ಲಿಗೆ ಅಂಗೈ ಕೊಡುವುದು, ನೀರು ಮುಟ್ಟಿದ ತಕ್ಷಣ ನನಗೊಂದು ಮಿಸ್ಡ್ ಕಾಲ್ ಕೊಡುವುದು, ನಾನು ಅಲ್ಲಿಂದ ಅರ್ಧ ಗಂಟೆ ಎಣಿಸಿ ಪಂಪ್ ಮನೆಯ ಹತ್ತಿರದ ವಾಲ್ವ್‌ಗಳನ್ನು ಕೀಯಿಂದ ಬದಲಾಯಿಸುವುದು.

ಮೊದಲ ದಿನ ಮೋಟರು ಹಾಕಿ ಹದಿನೇಳನೇ ನಿಮಿಷಕ್ಕೆ ಫೋನು ಹೊಡೆದುಕೊಂಡಿತು. ನನಗೇ ಆಶ್ಚರ್ಯವಾಗುವಷ್ಟು ಖುಷಿಯಾಯಿತು. ಕಡೇಗದ್ದೆ ಮುಗಿಯಿತು. ಕಲ್ಲುಗದ್ದೆ, ಉದ್ದಗದ್ದೆ ಮುಗಿದವು. ಹುಣಸೆಗದ್ದೆಯ ವಾಲ್ವ್ ತೆರೆದಾಗ ಯಜಮಾನರು ಗೇಟಿನಲ್ಲಿ ನಿಂತು ನೋಡಿ ಒಳಗೆ ಹೋದರು, ಅವರ ಅರ್ಧ ಗಂಟೆ ಅವರಿಗೆ ಪೂರ್ತಿ ಸಿಕ್ಕಿತು. ಆಮೇಲೆ ನಮ್ಮ ವಾಲ್ವಿನ ಮೇಲೆ ಕೀ ಕೂರಿಸಿದೆ. ಮನೆಯಲ್ಲಿ ನಲ್ಲಿಯ ಕೆಳಗೆ ಎರಡು ಕೊಡ, ಒಂದು ಬಕೆಟ್ಟು ಇಟ್ಟೇ ಬಂದಿದ್ದೆ. ತಿರುಗಿಸುವ ಮುಂಚೆ ಒಂದು ಸಲ ಹೋಗಿ ಮುಳ್ಳು ನೋಡಿದೆ. ಇಳಿದು ಕೆಂಪು ಗೆರೆಯನ್ನು ಮುಟ್ಟಿತ್ತು.

ಮನೆ ಅಲ್ಲೇ ಕಾಣುತ್ತಿತ್ತು. ನಮ್ಮ ನಲ್ಲಿಗೆ ನೀರು ಮುಟ್ಟಲು ಅರ್ಧ ನಿಮಿಷವೂ ಬೇಡ, ಎರಡು ಕೊಡ ತುಂಬಲು ಇನ್ನೆರಡು ನಿಮಿಷ. ನೋಡುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಮೋಟರು ಸುಡುವುದೂ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಕೀ ನನ್ನ ಕೈಯಲ್ಲಿದ್ದರೆ ತೋರಿಸುತ್ತಿದ್ದೆ ಎಂದು ಅಂದುಕೊಂಡವಳು ನಾನು. ಈಗ ಕೈಯಲ್ಲೇ ಇತ್ತು. ಅವ್ವನ ನೆನಪಾಯಿತು. ಸ್ವಿಚ್ ಆರಿಸಿದೆ, ಪೆಟ್ಟಿಗೆಗೆ ಬೀಗ ಹಾಕಿದೆ, ಕೀ ಹೆಗಲ ಮೇಲಿಟ್ಟುಕೊಂಡು ಮನೆಗೆ ಬಂದೆ.

ಅಪ್ಪ ಆಗಲೇ ಬಂದು ಹೊಸಲಿನ ಮೇಲೆ ಕೂತಿದ್ದ. ನನ್ನ ಮುಖ ನೋಡಿ ಕೇಳಿದ. "ಎಲ್ಲೀಗಂಟ ಮುಟ್ತು?"

"ಹುಣಸೆಗದ್ದೇಗಂಟ" ಎಂದೆ.

ಅಪ್ಪ ತಲೆಯಾಡಿಸಿದ. ಒಳಗೆ ಹೋಗಿ ನಲ್ಲಿಯ ಕೆಳಗಿದ್ದ ಕೊಡಗಳನ್ನು ತೆಗೆದು ಬೋರಲು ಹಾಕಿ ಬಂದು ಮತ್ತೆ ಅಲ್ಲೇ ಕೂತ. ನಾನು ಕೀಯನ್ನು ಮೂಲೆಯಲ್ಲಿಟ್ಟೆ. ಎರಡನೇ ಶಿಫ್ಟಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ನಾನೂ ಅಪ್ಪನ ಪಕ್ಕ ಕೂತೆ.

ಆಗ ಯಾದಗಿರಿಯವಳು ತಲೆಯ ಮೇಲೆ ಬಿಂದಿಗೆ ಹೊತ್ತು ಬಂದಳು. ಕಡೇಗದ್ದೆಯಿಂದ ನಮ್ಮ ಮನೆಗೆ ದೂರ, ಸೆರಗಿನ ಒಂದು ಬದಿ ನೆಂದುಹೋಗಿತ್ತು. ಬಿಂದಿಗೆಯನ್ನು ಹೊಸಲಿನ ಹತ್ತಿರ ಇಳಿಸಿ ಉಸಿರು ತೆಗೆದುಕೊಂಡಳು. "ನಿಮ್ ನಳಾ ದಿನಾ ಒಣಗೇ ಇರ್ತದಲ್ರಿ ಅಕ್ಕಾರ. ಮಂದಿ ಇದ್ದ ಖೋಲಿಯೆಲ್ಲ ಖೋಲಿಗೊಂದ್ ತಂಬಿಗಿ ಹಾಕೀವಿ" ಎಂದಳು. ತಂಬಿಗಿ ಎಂದರೆ ಅವರ ಕಡೆ ಚೊಂಬು. ಊರಿಗೆ ಹೋದವರ ನಾಲ್ಕು ರೂಮು ಬಿಟ್ಟು ಹತ್ತು ರೂಮು, ಹತ್ತು ಚೊಂಬು.

ಗದ್ದೆಗೊಂದು ಮೊರದ ಲೆಕ್ಕವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಎದ್ದು ನಿಂತ. ಹೆಗಲ ಮೇಲಿನ ಟವೆಲ್ ತೆಗೆದು, ಅದನ್ನೇನು ಮಾಡುವುದೆಂದು ತೋಚದೆ ಮತ್ತೆ ಹೆಗಲಿಗೆ ಹಾಕಿಕೊಂಡ. ಆಮೇಲೆ ಬಗ್ಗಿ ಬಿಂದಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ತೆಗೆದುಕೊಂಡು ಹೋದ. ಅವಳನ್ನು ಒಳಗೆ ಬಂದು ಕೂರಲು ಹೇಳಿದ. ಮೊದಲ ಚೊಂಬು ತೆಗೆದು ಅವನೇ ಒಲೆಯ ಮೇಲಿಟ್ಟ. ಮೂರು ಲೋಟ ಕಾಫಿ ಆಯಿತು.